‘ಸಣ್ಣಪುಟ್ಟ ತಿದ್ದುಪಡಿ’ ಎಂದವರು, ನಂಬರ್ ಸಮೇತ ಹೇಳಿದವರು

ಮೊದಲೇ ಹೇಳಿಬಿಡುತ್ತೇನೆ, ನಾನು ಲಿಬ್ರೆಆಫೀಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನ ಕಡೆಯವನು. ಎರಡು ಸಾವಿರ ಕರಪತ್ರ ರದ್ದಿಗೆ ಹಾಕಿದವನ ಹತ್ತಿರ ಯಾರ ಪರವೂ ಇಲ್ಲದ ತೀರ್ಪು ಕೇಳಬೇಡಿ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಮೇ ಬಂತೆಂದರೆ ಟ್ಯೂಷನ್‌ನವರ ಕರಪತ್ರ. ಎರಡು ಕಂಪ್ಯೂಟರ್ ಇವೆ. ಒಂದರಲ್ಲಿ ವರ್ಷ ವರ್ಷ ದುಡ್ಡು ಕಟ್ಟುವ ಪುಟವಿನ್ಯಾಸದ ಸಾಫ್ಟ್‌ವೇರ್, ಹೆಸರು ಬೇಡ. ಇನ್ನೊಂದರಲ್ಲಿ ಲಿಬ್ರೆಆಫೀಸ್. ಅಂದ ಚಂದದಲ್ಲಿ ದುಡ್ಡಿನದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ನಾನು ನೋಡುತ್ತಿರುವುದು ಅಪ್‌ಡೇಟ್ ಕೊಟ್ಟಾಗ ಏನು ಬದಲಾಯಿತು ಅಂತ ಯಾರು ಎಷ್ಟು ಬಾಯಿ ಬಿಡುತ್ತಾರೆ ಅನ್ನುವುದನ್ನು ಮಾತ್ರ.

ಆಗಿದ್ದು ಇಷ್ಟು. ಕೋಚಿಂಗ್ ಸೆಂಟರ್ ಒಂದಕ್ಕೆ ಆ ದುಡ್ಡಿನ ಸಾಫ್ಟ್‌ವೇರಿನಲ್ಲಿ ಕರಪತ್ರ ಮಾಡಿದ್ದೆ. ಹಳೇ ಫೈಲು, ಹೋದ ವರ್ಷದ್ದೇ. ಹೆಸರು, ಫೋಟೊ, ಅಂಕ ಬದಲಿಸಿದೆ, ಗಿರಾಕಿ ಮೊಬೈಲಲ್ಲೇ ನೋಡಿ ಓಕೆ ಅಂದರು, ಪ್ರೆಸ್ಸಿಗೆ ಹೋಯಿತು. ಬಂದಾಗ ನೋಡುತ್ತೇನೆ, ಎಲ್ಲೆಲ್ಲಿ ‘ರ‍್ಯಾಂಕ್’ ಇರಬೇಕೋ ಅಲ್ಲೆಲ್ಲ ‘ರ್ಯಾಂಕ್’. ದೊಡ್ಡಕ್ಷರದ ತಲೆಬರಹದಲ್ಲೂ ಅದೇ ಅರ್ಕಾವೊತ್ತು. ಕೆಳಗೆ ‘ಸಾಫ್ಟ್‌ವೇರ್ ಕೋರ್ಸ್’ ಅನ್ನುವುದು ‘ಸಾಫ್ಟ್ವೇರ್’ ಆಗಿ, ಟ ಒತ್ತಿನ ಜೊತೆಗೆ ವ ಒತ್ತೂ ನೇತಾಡುತ್ತಿತ್ತು. ಗಿರಾಕಿ ಗಣಿತದ ಮೇಷ್ಟ್ರು. ಆದರೂ ಕನ್ನಡ ಮೇಷ್ಟ್ರಿಗಿಂತ ಜಾಸ್ತಿ ಬೈದರು.

ಕನ್ನಡ ಟೈಪ್ ಮಾಡುವವರಿಗೆ ಗೊತ್ತಿರುತ್ತದೆ, ಇಂಥ ಕಡೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ‘ರ‍್ಯ’ ಬರಬೇಕಾದರೆ ರ ಆದ ಮೇಲೆ ಜೋಡಿಸುವ ಗುರುತು, ಅಕ್ಷರಕ್ಕೊಂದು ನಂಬರ್ ಕೊಡುವ ಯೂನಿಕೋಡಿನಲ್ಲಿ ಅದು 200ಡಿ. ‘ಸಾಫ್ಟ್‌ವೇರ್’ನಲ್ಲಿ ಒತ್ತು ಆಗದಂತೆ ಬಿಡಿಸುವ ಗುರುತು, 200ಸಿ. ಎರಡೂ ತೆಗೆದುಬಿಟ್ಟರೆ ಫೈಲು ನೋಡಲು ಹಾಗೇ ಇರುತ್ತದೆ, ಪದ ಮಾತ್ರ ಕೆಡುತ್ತದೆ. ಎರಡು ದಿನ ಫಾಂಟ್ ಮೇಲೆ ಅನುಮಾನ ಪಟ್ಟೆ. ಬೇರೆ ಫಾಂಟ್ ಹಾಕಿದೆ, ತೆಗೆದು ಮತ್ತೆ ಹಾಕಿದೆ, ವಿಂಡೋಸ್ ಮೇಲೆ ಸಿಟ್ಟಾದೆ. ಕೊನೆಗೆ ಸೆಟ್ಟಿಂಗ್ ಒಳಗೆ ಸಿಕ್ಕಿತು: ಫೈಲು ತೆರೆಯುವಾಗ ಕಾಣದ ಅಕ್ಷರಗಳನ್ನು ಸ್ವಚ್ಛ ಮಾಡು, ಟಿಕ್ ಬಿದ್ದಿದೆ. ನಾನು ಹಾಕಿದ್ದಲ್ಲ. ಹಿಂದಿನ ವಾರದ ಅಪ್‌ಡೇಟ್ ಹಾಕಿದ್ದು.

ಆ ಅಪ್‌ಡೇಟಿನ ಟಿಪ್ಪಣಿ ತೆಗೆದು ನೋಡಿದೆ. ‘ಸಣ್ಣಪುಟ್ಟ ತಿದ್ದುಪಡಿ ಮತ್ತು ಉತ್ತಮ ಅನುಭವ.’ ಅಷ್ಟೇ. ಮೇಲ್ ಬರೆದರೆ ಮೂರು ವಾರಕ್ಕೆ ಉತ್ತರ ಬಂತು, ಅದು ದೋಷವಲ್ಲ, ಆ ಆವೃತ್ತಿಯ ಸುಧಾರಣೆಯಂತೆ. ಸುಧಾರಣೆ ಆಗಿದ್ದರೆ ಹೆಮ್ಮೆಯಿಂದ ಹೇಳಬೇಕಿತ್ತು ಅಲ್ವಾ? ಸೆಟ್ಟಿಂಗ್ ಬದಲಿಸಿದ್ದಕ್ಕೆ ನನಗೆ ಸಿಟ್ಟಿಲ್ಲ, ಅವರಿಗೆ ಏನೋ ಕಾರಣ ಇದ್ದಿರಬಹುದು. ಒಂದು ಸಾಲು ಬರೆದಿದ್ದರೆ ನಾನು ಪ್ರೂಫ್ ತೆಗೆದು ನೋಡುತ್ತಿದ್ದೆ. ಮರುಮುದ್ರಣಕ್ಕೆ ನನ್ನ ಜೇಬಿಂದ ಮೂರು ಸಾವಿರದ ನಾನೂರು ಹೋಯಿತು.

ಇನ್ನು ಲಿಬ್ರೆಆಫೀಸ್. ಇಲ್ಲಿ ಉಲ್ಟಾ ತೊಂದರೆ, ಹೇಳುವುದೇ ಜಾಸ್ತಿ. ಪ್ರತಿ ಸಣ್ಣ ಆವೃತ್ತಿಗೂ ಒಂದು ಉದ್ದ ಪಟ್ಟಿ ಇರುತ್ತದೆ, ಟಿಡಿಎಫ್ ಅಂತ ಶುರುವಾಗುವ ದೋಷದ ನಂಬರ್, ಪಕ್ಕದಲ್ಲಿ ಏನು ತೊಂದರೆ, ಕೊನೆಗೆ ಸರಿಮಾಡಿದವರ ಹೆಸರು. ಎಲ್ಲ ಇಂಗ್ಲಿಷಿನಲ್ಲಿ, ಅದೂ ಮನುಷ್ಯರಿಗೆ ಬರೆದ ಇಂಗ್ಲಿಷ್ ಅಲ್ಲ. ಪೂರ್ತಿ ಓದುವವರು ಯಾರೂ ಇಲ್ಲ, ನಾನೂ ಓದುವುದಿಲ್ಲ. ಕಂಟ್ರೋಲ್ ಎಫ್ ಒತ್ತಿ ‘ಕನ್ನಡ’, ‘ಇಂಡಿಕ್’, ‘ಫಾಂಟ್’, ‘ಪಿಡಿಎಫ್’ ಅಂತ ಇಂಗ್ಲಿಷಲ್ಲಿ ಹುಡುಕುತ್ತೇನೆ. ಏನೂ ಸಿಗದಿದ್ದರೆ ಹಾಕಿಕೊಳ್ಳುತ್ತೇನೆ. ಸಿಕ್ಕರೆ ಆ ನಂಬರ್ ಒತ್ತಿ, ಯಾರು ಯಾವ ಫೈಲು ಕೊಟ್ಟು ದೂರಿದ್ದಾರೆ ಅಂತ ನೋಡುತ್ತೇನೆ. ಎರಡು ನಿಮಿಷದ ಕೆಲಸ. 2017ರ ಫೆಬ್ರವರಿಯಲ್ಲಿ 5.3 ಬಂದಾಗ ಅಕ್ಷರ ಜೋಡಿಸುವ ಎಂಜಿನ್ನನ್ನೇ ಎಲ್ಲ ಕಡೆ ಹಾರ್ಫ್‌ಬಝ್‌ಗೆ ಬದಲಿಸಿದ್ದರು. ಒತ್ತಕ್ಷರದ ಭಾಷೆಯವರಿಗೆ ಅದು ಮನೆ ಪಾಯ ಬದಲಿಸಿದ ಹಾಗೆ. ಅದನ್ನು ಟಿಪ್ಪಣಿಯಲ್ಲೇ ಹೇಳಿದ್ದರು. ನಾನು ಹಳೇ ಕಾರ್ಡುಗಳನ್ನೆಲ್ಲ ಒಮ್ಮೆ ತೆರೆದು ನೋಡಿಕೊಂಡೇ ಮುಂದೆ ಹೋದೆ.

ಫೈರ್‌ಫಾಕ್ಸ್ ಬ್ರೌಸರಿನವರದು ನಡುವಿನ ದಾರಿ. ಹೊಸದು, ಸರಿಮಾಡಿದ್ದು, ಬದಲಿಸಿದ್ದು ಅಂತ ಚಿಕ್ಕ ಪುಟ. ಭದ್ರತೆಯ ತೂತುಗಳಿಗೆ ಬೇರೆ ಪುಟ, ಎಷ್ಟು ಗಂಭೀರ ಅನ್ನುವುದರ ಸಮೇತ. ಓದಲು ಇದೇ ಸುಖ.

‘ಜಾಸ್ತಿ ಹೇಳಿದರೆ ಕಳ್ಳರಿಗೆ ದಾರಿ ತೋರಿಸಿದಂತೆ’ ಅನ್ನುವ ವಾದ ಇದೆ. ಪೂರ್ತಿ ಸುಳ್ಳಲ್ಲ. ಫೈರ್‌ಫಾಕ್ಸ್‌ನವರೂ ಭದ್ರತಾ ದೋಷದ ಒಳವಿವರವನ್ನು ಜನ ಅಪ್‌ಡೇಟ್ ಆಗುವವರೆಗೆ ಮುಚ್ಚಿಟ್ಟಿರುತ್ತಾರೆ. ಆದರೆ ತೂತು ಇತ್ತು, ಮುಚ್ಚಿದ್ದೇವೆ, ಇದು ಅರ್ಜೆಂಟು ಅಂತಲಾದರೂ ಹೇಳಬೇಕು. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ವಿಂಡೋಸಿನ ಒಂದು ತೂತು ಮುಚ್ಚಿ, ‘ಕ್ರಿಟಿಕಲ್’ ಅಂತ ಹೆಸರಿಟ್ಟೇ ಪ್ರಕಟಿಸಿತು. ಮೇ 12ಕ್ಕೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ವೈರಸ್ ಬಂದಾಗ ಸಿಕ್ಕಿಬಿದ್ದವರು ಆ ಅಪ್‌ಡೇಟ್ ಹಾಕಿಕೊಳ್ಳದವರು. ನನ್ನಂಥವರು ಅಪ್‌ಡೇಟಿಗೆ ಹೆದರಿ ಮುಂದೂಡುವುದೇ ಇಂಥ ‘ಉತ್ತಮ ಅನುಭವ’ದ ದೆಸೆಯಿಂದ. ಮೇಲಾಗಿ ಕರಪತ್ರದ ಅರ್ಕಾವೊತ್ತಿನಿಂದ ಯಾವ ಕಳ್ಳನಿಗೆ ಏನು ಲಾಭ?

ದೊಡ್ಡವರೂ ಎಡವಿದ್ದಾರೆ. ಬ್ಯಾಟರಿ ಹಳೆಯದಾದ ಐಫೋನುಗಳ ವೇಗ ತಗ್ಗಿಸುವ ಏರ್ಪಾಡು 2017ರ ಜನವರಿಯ ಅಪ್‌ಡೇಟಿನಲ್ಲೇ ಬಂದಿತ್ತು. ವೇಗ ತಗ್ಗುತ್ತದೆ ಅಂತ ಆಪಲ್ ಬಾಯಿ ಬಿಟ್ಟಿದ್ದು ಡಿಸೆಂಬರಿನಲ್ಲಿ. ಫೋನ್ ಏಕಾಏಕಿ ಆಫ್ ಆಗದಿರಲಿ ಅಂತ ಮಾಡಿದ್ದಂತೆ, ಕಾರಣ ಒಪ್ಪುವಂಥದ್ದೇ. ಹೇಳದೆ ಮಾಡಿದ್ದಕ್ಕೆ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರ ಇಳಿಸಬೇಕಾಯಿತು.

ಮೊಬೈಲ್ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಪ್ಲೇ ಸ್ಟೋರ್ ಟಿಪ್ಪಣಿಗೆ 500 ಅಕ್ಷರದ ಜಾಗ ಕೊಡುತ್ತದೆ, ಕನ್ನಡದಲ್ಲೂ ಬರೆಯಬಹುದು, ಬರೆಯುವವರು ಕಾಣೆ. ಟಿಪ್ಪಣಿಯಲ್ಲಿ ಜೋಕ್ ಮಾಡುವವರೂ ಇದ್ದಾರೆ. ಓದಲು ಮಜಾ, ಕೆಲಸಕ್ಕೆ ಬಾರದು.

ನನ್ನ ಲೆಕ್ಕ ಇಷ್ಟು. ನೀವು ಮನೆಯಲ್ಲಿ ಪತ್ರ ಟೈಪ್ ಮಾಡುವವರಾದರೆ ಫೈರ್‌ಫಾಕ್ಸ್ ತರಹದ ಚಿಕ್ಕ ಪುಟ ಸಾಕು. ಗಿರಾಕಿ ದುಡ್ಡಲ್ಲಿ ಕಾಗದಕ್ಕೆ ಮಸಿ ಹಚ್ಚುವವರಾದರೆ ಆ ಉದ್ದ ಪಟ್ಟಿಯೇ ಬೇಕು. ನಾನೀಗ ಕನ್ನಡದ ಕೆಲಸವನ್ನೆಲ್ಲ ಲಿಬ್ರೆಆಫೀಸಿಗೆ ತಂದಿದ್ದೇನೆ. ಬಣ್ಣದ ಕಾರ್ಡುಗಳು ಮಾತ್ರ ಇನ್ನೂ ಆ ದುಡ್ಡಿನ ಸಾಫ್ಟ್‌ವೇರಿನಲ್ಲೇ, ಚಂದಾ ಮಾರ್ಚ್‌ವರೆಗೆ ಕಟ್ಟಿಯಾಗಿದೆ, ಸುಮ್ನೆ ಯಾಕೆ ಬಿಡಲಿ. ಮೊನ್ನೆ ಅದಕ್ಕೆ ಮತ್ತೊಂದು ಅಪ್‌ಡೇಟ್ ಬಂತು, ಅದೇ ಸಣ್ಣಪುಟ್ಟ ತಿದ್ದುಪಡಿ. ಹಾಕಿಕೊಂಡ ತಕ್ಷಣ ನನ್ನ ಪರೀಕ್ಷೆಯ ಪುಟ ತೆರೆದೆ: ರ‍್ಯಾಂಕ್, ರ‍್ಯಾಲಿ, ಸಾಫ್ಟ್‌ವೇರ್, ಶ್ರೀಮತಿ. ಎಲ್ಲ ಸರಿ ಇದ್ದವು. ಆದರೂ ಒಂದು ಪ್ರತಿ ಪ್ರಿಂಟ್ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ.