ಕಾರ್ವೋನ್‌ಗೆ ಯಾವ ಕೆಟಲಿಸ್ಟ್? ನನ್ನ ಓಟು ವಿಲ್ಕಿನ್ಸನ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ರೋಡಿಯಂ ಪಕ್ಷದವನು, ಅಂದರೆ ರೋಡಿಯಂ ಲೋಹ ಇರುವ ವಿಲ್ಕಿನ್ಸನ್ ಕೆಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಪರ. ದುಡ್ಡು ಕೊಡುವಾಗ ಹೊಟ್ಟೆ ಉರಿದದ್ದು ನಿಜ. ಕೊಟ್ಟ ಮೇಲೆ ಬೇಜಾರಾಗಲಿಲ್ಲ.

ಕಾರವಾರದ ನಮ್ಮ ಲ್ಯಾಬಿನಲ್ಲಿ ಎಂಎಸ್ಸಿ ಮಕ್ಕಳ ಪ್ರಾಜೆಕ್ಟಿಗೆ ಬೇಕಿದ್ದದ್ದು ಒಂದೇ ಕೆಲಸ. ಪುದೀನ ವಾಸನೆಯ ಕಾರ್ವೋನ್ ಅಣುವಿನಲ್ಲಿ ಇಂಗಾಲಗಳ ನಡುವೆ ಎರಡು ಡಬಲ್ ಬಾಂಡ್ (ಜೋಡಿ ಬಂಧ) ಇವೆ. ಒಂದು ಉಂಗುರದೊಳಗೆ, ಕೀಟೋನ್ (ಇಂಗಾಲಕ್ಕೆ ಆಮ್ಲಜನಕ ಅಂಟಿರುವ ಜಾಗ) ಪಕ್ಕ. ಇನ್ನೊಂದು ಹೊರಗೆ, ಬಾಲದ ಹಾಗೆ. ಬಾಲಕ್ಕೆ ಮಾತ್ರ ಹೈಡ್ರೋಜನ್ ಸೇರಬೇಕು, ಒಳಗಿನದನ್ನು ಮುಟ್ಟಬಾರದು.

ಕಪಾಟಿನಲ್ಲಿ ಪಲ್ಲೇಡಿಯಂ-ಕಾರ್ಬನ್ (ಇದ್ದಿಲ ಪುಡಿಯ ಮೇಲೆ ಪಲ್ಲೇಡಿಯಂ ಲೋಹ) ಇತ್ತು. ಅಗ್ಗದ್ದು, ಅದನ್ನೇ ಹಾಕಿದೆ. ಸಂಜೆ ಹೈಡ್ರೋಜನ್ ಬಲೂನ್ ಕಟ್ಟಿ ಮನೆಗೆ ಹೋದೆ. ಬೆಳಿಗ್ಗೆ ಫ್ಲಾಸ್ಕ್ ತೆರೆದರೆ ಘಮ್ಮೆಂದು ದೊಡ್ಡಪತ್ರೆ ವಾಸನೆ! ಹಾಕಿದ್ದು ಪುದೀನ ವಾಸನೆಯ ಕಾರ್ವೋನ್. ದೊಡ್ಡಪತ್ರೆಯ ಘಾಟು ಕಾರ್ವಕ್ರಾಲ್‌ದು. ಅಂದರೆ ಪಲ್ಲೇಡಿಯಂ ಬಾಲದ ಡಬಲ್ ಬಾಂಡನ್ನು ಒಳಕ್ಕೆ ಸರಿಸಿ, ಒಂದಷ್ಟನ್ನು ಫೀನಾಲ್ (ಅದೇ ಕಾರ್ವಕ್ರಾಲ್) ಮಾಡಿ ಕೂರಿಸಿತ್ತು. ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ನಾಲ್ಕು ಚುಕ್ಕೆ. ಸೋಸಿದ ಪೇಪರ್ ಸ್ವಲ್ಪ ಒಣಗಿದ್ದೇ ಕಿಡಿ ಬೇರೆ ಕಂಡಿತು, ಪಕ್ಕದಲ್ಲೇ ಬೆಂಕಿ ಹತ್ತುವ ಮೆಥನಾಲ್. ಅವತ್ತೇ ಅದಕ್ಕೆ ಕೈ ಮುಗಿದೆ.

ಇರಿಡಿಯಂನ ಕ್ರ್ಯಾಬ್‌ಟ್ರೀ ಕೆಟಲಿಸ್ಟನ್ನು ಧಾರವಾಡದ ಗೆಳೆಯ ಚಿಟಿಕೆಯಷ್ಟು ಕೊಟ್ಟಿದ್ದ. ನಾಲ್ಕೂ ಕಡೆ ಗುಂಪು ಕೂತಿರುವ ಡಬಲ್ ಬಾಂಡನ್ನೂ ಬಿಡದ ಜಟ್ಟಿ ಅದು. ನನ್ನ ಬಾಲಕ್ಕೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ವಾಪಸ್ ಕೊಟ್ಟೆ.

ಆಮೇಲೆ ವಿಲ್ಕಿನ್ಸನ್ ತರಿಸಿದೆ, ಒಂದು ಗ್ರಾಂ. ಅದರಲ್ಲಿ ರೋಡಿಯಂ ಇರುವುದು ಬರೀ 0.11 ಗ್ರಾಂ, ಉಳಿದದ್ದು ಹೆಚ್ಚುಕಮ್ಮಿ ಎಲ್ಲಾ ಟ್ರೈಫಿನೈಲ್‌ಫಾಸ್ಫೀನ್ ಎಂಬ ರಂಜಕದ ಸಂಯುಕ್ತ. ರೋಡಿಯಂಗೆ ಅಂಟಿರುವ ಈ ಮೂರು ದಪ್ಪ ಫಾಸ್ಫೀನ್‌ಗಳೇ ಇದರ ಗುಟ್ಟು. ಒಂದು ಎದ್ದು ಜಾಗ ಬಿಡುತ್ತದೆ, ಹೈಡ್ರೋಜನ್ ಎರಡು ತುಂಡಾಗಿ ರೋಡಿಯಂ ಮೇಲೆ ಕೂರುತ್ತದೆ. ಉಳಿದ ಇಕ್ಕಟ್ಟಿನಲ್ಲಿ ತೂರಲು ಸಣಕಲು ಡಬಲ್ ಬಾಂಡಿಗೆ ಮಾತ್ರ ಸಾಧ್ಯ, ಸಂಜೆಯ ಅಂಕೋಲಾ ಬಸ್ಸು ಹತ್ತಿದ ಹಾಗೆ. ಕೀಟೋನ್ ಪಕ್ಕದ್ದು ಹೊರಗೇ ನಿಲ್ಲುತ್ತದೆ.

ಒಂದೇ ಒಂದು ಕಿರಿಕಿರಿ: ಗಾಳಿ. ಪುಡಿಯಾಗಿದ್ದಾಗ ಏನೂ ಆಗುವುದಿಲ್ಲ, ಜುಲೈ ಮಳೆಯಲ್ಲೂ ಆರಾಮಾಗಿ ತೂಗಿದೆ. ಟೊಲ್ಯೂನ್ ಎಂಬ ದ್ರಾವಕದಲ್ಲಿ ಕರಗಿತೋ, ಹಠ ಶುರು. ಮೊದಲ ಸಲ ನಾನು ಸೋಮಾರಿತನ ಮಾಡಿ ಬಾಟಲಿಯ ಟೊಲ್ಯೂನನ್ನೇ ಸುರಿದೆ. ಮುರುಗಲು ಪಾನಕದ ಹಾಗೆ ಚಂದದ ಕೆಂಪು ಬಂತು. ಗಂಟೆಯೊಳಗೆ ಕಂದಾಯಿತು. ಬಲೂನ್ ಇಳಿಯಲೇ ಇಲ್ಲ, ಅಂದರೆ ಹೈಡ್ರೋಜನ್ ಖರ್ಚಾಗಲಿಲ್ಲ. ಟೊಲ್ಯೂನ್‌ನಲ್ಲಿ ಕರಗಿದ್ದ ಆಮ್ಲಜನಕ ಫಾಸ್ಫೀನನ್ನು ತಿಂದುಹಾಕಿತ್ತು. ಹಾಳಾದದ್ದು 185 ಮಿಲಿಗ್ರಾಂ, ಅಂದರೆ ಬಾಟಲಿಯ ಐದನೇ ಒಂದು ಪಾಲಿಗೆ ಹತ್ತಿರ.

ದ್ರವ ನೈಟ್ರೋಜನ್ ಇದ್ದಿದ್ದರೆ ಟೊಲ್ಯೂನನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು ತೆಗೆಯಬಹುದಿತ್ತು. ನಮ್ಮ ಕಡೆ ಅದು ಸಿಗುವುದು ಹಸುಗಳಿಗೆ ಇಂಜೆಕ್ಷನ್ ಕೊಡುವವರ ಹತ್ತಿರ! ಕೇಳಲು ನಾಚಿಕೆಯಾಯಿತು. ಕೊನೆಗೆ ಆಮ್ಲಜನಕ ಓಡಿಸಲು ಸಿಲಿಂಡರಿನ ನೈಟ್ರೋಜನ್ನನ್ನೇ ಉದ್ದ ಸೂಜಿಯಿಂದ ಟೊಲ್ಯೂನೊಳಗೆ ಮುಕ್ಕಾಲು ಗಂಟೆ ಗುಳುಗುಳು ಬಿಟ್ಟೆ. ಆ ಸಿಲಿಂಡರ್ ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿದು ಬರಬೇಕು. ಮಳೆಗಾಲದಲ್ಲಿ ಎಂಟು ದಿನ ಕಾಯಿಸಿತು. ಹೈಡ್ರೋಜನ್‌ಗೆ ಅಂಗಡಿಯ ಹುಟ್ಟುಹಬ್ಬದ ಬಲೂನೂ ಆಗದು, ರಾತ್ರಿಯೊಳಗೆ ಸೋರಿ ಸೊರಗುತ್ತದೆ. ಎರಡು ಬಲೂನ್ ಒಂದರೊಳಗೊಂದು ತೂರಿಸಿದರೆ ತಡೆಯುತ್ತದೆ.

ಮೂರು ಗ್ರಾಂ ಕಾರ್ವೋನ್‌ಗೆ ಬೇಕಾದ ಹೈಡ್ರೋಜನ್ ಅರ್ಧ ಲೀಟರ್ ಅಷ್ಟೇ. ಎರಡನೇ ಸಲ ರಾತ್ರಿಯೊಳಗೆ ಮುಗಿಯಿತು, ದೊಡ್ಡಪತ್ರೆ ವಾಸನೆ ಇಲ್ಲ. ಧಾರವಾಡಕ್ಕೆ ಕಳಿಸಿ ಮಾಡಿಸಿದ ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) 4.8ರ ಹತ್ತಿರದ ಬಾಲದ ಗುರುತು ಮಾಯ, 6.7ರ ಒಳಗಿನದು ಹಾಗೇ ಇತ್ತು. ಕೆಟಲಿಸ್ಟ್ ತೆಗೆಯಲು ಗಿಡ್ಡ ಸಿಲಿಕಾ ಕಾಲಂ (ಸಿಲಿಕಾ ಪುಡಿ ತುಂಬಿದ ಕೊಳವೆ) ಸಾಕು. ಪಲ್ಲೇಡಿಯಂನಷ್ಟು ಸುಲಭವಾಗಿ ಸೋಸಿ ತೆಗೆಯಲಾಗದು, ಒಪ್ಪಿದೆ.

ಎರಡೂ ಡಬಲ್ ಬಾಂಡ್ ಹೋದರೂ ಪರವಾಗಿಲ್ಲ ಅನ್ನುವವರು ಪಲ್ಲೇಡಿಯಂ ಹಾಕಿ, ಸೋಸಿದ ಪೇಪರ್ ಒದ್ದೆ ಇರಲಿ. ನನ್ನ ಹಾಗೆ ವರ್ಷಕ್ಕೆ ನಾಲ್ಕೈದು ಸಲ, ಗ್ರಾಂ ಲೆಕ್ಕದಲ್ಲಿ ಮಾಡುವವರಾದರೆ ವಿಲ್ಕಿನ್ಸನ್ನೇ ತರಿಸಿ. ಆದರೆ ಬಾಟಲಿಗೂ ಮೊದಲು ನೈಟ್ರೋಜನ್ ಸಿಲಿಂಡರಿಗೆ ಆರ್ಡರ್ ಹಾಕಿ, ಅದೂ ಮೇ ತಿಂಗಳಲ್ಲೇ.