ವ್ಯೂ-ಲೋಡರ್: ಐದು ವರ್ಷದ ಬಳಕೆ, ಒಂದೂವರೆ ದಿನದ ಸಿಟ್ಟು

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಎಷ್ಟು ಪೀಸ್ ಹೊಲಿಗೆಗೆ ಹೋಯಿತು, ವಾಷಿಂಗ್‌ನಿಂದ ಎಷ್ಟು ವಾಪಸ್ ಬಂತು, ಶನಿವಾರದ ಬಟವಾಡೆ ಎಷ್ಟು, ಎಲ್ಲಾ ಬ್ರೌಸರ್‌ನಲ್ಲೇ. 2019ರಿಂದ ಪರದೆ ಕಟ್ಟಲು ವ್ಯೂ 2, ಫೈಲ್‌ಗಳನ್ನು ಬ್ರೌಸರ್‌ಗೆ ಒಟ್ಟುಗೂಡಿಸಲು ವೆಬ್‌ಪ್ಯಾಕ್ 4, ಎರಡರ ನಡುವೆ ವ್ಯೂ-ಲೋಡರ್ 15. ಒಂದು ವ್ಯೂ ಫೈಲ್‌ನಲ್ಲಿ ಟೆಂಪ್ಲೇಟ್ (ಪುಟದ ರಚನೆ), ಸ್ಕ್ರಿಪ್ಟ್ (ಕೆಲಸದ ಕೋಡ್), ಸ್ಟೈಲ್ (ಬಣ್ಣ, ಅಂದ) ಮೂರೂ ಇರುತ್ತವೆ; ಅದನ್ನು ವೆಬ್‌ಪ್ಯಾಕ್‌ಗೆ ಅರ್ಥ ಮಾಡಿಸುವುದೇ ವ್ಯೂ-ಲೋಡರ್.

ಮೊದಲು ಬೈದುಬಿಡುತ್ತೇನೆ. 2020ರ ಕೊನೆಗೆ, ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಪ್ಯಾಕೇಜ್‌ಗಳನ್ನು ಅಪ್‌ಡೇಟ್ ಮಾಡಿದೆ. ಬಿಲ್ಡ್ ಆಯಿತು. ಒಂದೂ ಎರರ್ ಇಲ್ಲ. ಆ ಧೈರ್ಯದಲ್ಲೇ ನೋಡದೆ ಕಳಿಸಿದೆ, ಅದು ನನ್ನ ತಪ್ಪು. ಕೌಲ್ ಬಜಾರ್‌ನಿಂದ ಫೋನ್ ಬಂತು: "ಏನ್ರೀ, ಬಣ್ಣ ಎಲ್ಲಾ ಹೋಗೈತಿ. ಇದನ್ನೂ ವಾಷಿಂಗ್‌ಗೆ ಹಾಕಿದ್ರೇನು?"

ತೆರೆದು ನೋಡಿದರೆ ಪುಟ ಬೋಳು. ಬಟನ್ ಒತ್ತಿದರೆ ಕೆಲಸ ಮಾಡುತ್ತದೆ, ಸ್ಟೈಲ್ ಮಾತ್ರ ನಾಪತ್ತೆ. ಸ್ಟೈಲನ್ನು ಒಂದಾದ ಮೇಲೊಂದು ಹದ ಮಾಡುವ ಲೋಡರ್‌ಗಳ ಸಾಲು ತಪ್ಪಿರಬೇಕು ಅಂದುಕೊಂಡೆ. ಅದು ಬಲದಿಂದ ಎಡಕ್ಕೆ ನಡೆಯುತ್ತದೆ: ಮೊದಲು ಸಾಸ್-ಲೋಡರ್ (ಸಾಸ್ ಬರಹವನ್ನು ಬ್ರೌಸರ್‌ನ ಸ್ಟೈಲ್ ಭಾಷೆ ಸಿಎಸ್‌ಎಸ್ ಮಾಡುತ್ತದೆ), ಆಮೇಲೆ ಸಿಎಸ್‌ಎಸ್-ಲೋಡರ್, ಕೊನೆಗೆ ವ್ಯೂ-ಸ್ಟೈಲ್-ಲೋಡರ್ (ಅದನ್ನು ಪುಟಕ್ಕೆ ಹಚ್ಚುತ್ತದೆ). ಸರಿಯಾಗೇ ಇತ್ತು. ವ್ಯೂ-ಲೋಡರ್-ಪ್ಲಗಿನ್? ಸಿಎಸ್‌ಎಸ್‌ಗೆ ಬರೆದ ನಿಯಮವನ್ನು ವ್ಯೂ ಫೈಲ್ ಒಳಗಿನ ಸ್ಟೈಲ್ ಬ್ಲಾಕ್‌ಗೂ ಅನ್ವಯಿಸುವುದು ಅದೇ. ಅದೂ ಇತ್ತು.

ಕಾರಣ ಸಿಕ್ಕಿದ್ದು ಒಂದೂವರೆ ದಿನಕ್ಕೆ. ಸಿಎಸ್‌ಎಸ್-ಲೋಡರ್ 4ರಲ್ಲಿ ಇಎಸ್-ಮಾಡ್ಯೂಲ್ ಆಯ್ಕೆ (ಸ್ಟೈಲನ್ನು ಜಾವಾಸ್ಕ್ರಿಪ್ಟ್‌ನ ಹೊಸ ಮಾಡ್ಯೂಲ್ ರೂಪದಲ್ಲಿ ಮುಂದೆ ದಾಟಿಸುವುದು) ತಾನಾಗೇ ಆನ್ ಆಗಿರುತ್ತದೆ. ನನ್ನಲ್ಲಿದ್ದ ವ್ಯೂ-ಸ್ಟೈಲ್-ಲೋಡರ್‌ಗೆ ಆ ರೂಪ ಅರ್ಥವಾಗುತ್ತಿರಲಿಲ್ಲ. ಆ ಆಯ್ಕೆಯನ್ನು ಫಾಲ್ಸ್ ಮಾಡಿದೆ, ಅಂದರೆ ಆಫ್; ಬಣ್ಣ ವಾಪಸ್. ಒಂದೇ ಸಾಲು! ವ್ಯೂ ಮತ್ತು ಅದರ ಟೆಂಪ್ಲೇಟ್ ಕಂಪೈಲರ್ ಆವೃತ್ತಿ ಬೇರೆಯಾದರೆ ಎರಡೂ ನಂಬರ್ ತೋರಿಸಿ ಜಗಳಕ್ಕೆ ಬರುತ್ತವೆ. ಇಲ್ಲಿ ಒಂದು ಎಚ್ಚರಿಕೆಯ ಮಾತಾದರೂ ಬೇಡವಾ?

ಆದರೂ ವ್ಯೂ-ಲೋಡರ್ ಬಿಡಲಿಲ್ಲ ನೋಡಿ. ಬೆಳಿಗ್ಗೆ ಎನ್‌ಪಿಎಂ ರನ್ ಡೆವ್ (ಕೆಲಸದ ಸರ್ವರ್ ಶುರು ಮಾಡುವ ಆಜ್ಞೆ) ಒತ್ತಿ ಚಹಾಕ್ಕೆ ಇಡುತ್ತೇನೆ. 4 ಜಿಬಿಯ ಹಳೇ ಲ್ಯಾಪ್‌ಟಾಪ್, ಚಹಾ ಕುದಿಯುವ ಹೊತ್ತಿಗೆ ಅದೂ ತಯಾರು. ಆಮೇಲಿನ ಸುಖ ಬೇರೆ: ಫೈಲ್ ತಿದ್ದಿದ ತಕ್ಷಣ, ಪುಟ ರೀಲೋಡ್ ಆಗದೆ, ಬದಲಾವಣೆ ಕಾಣುತ್ತದೆ. ಬಟವಾಡೆ ಫಾರಂನಲ್ಲಿ ಹನ್ನೆರಡು ಜನರ ಹೆಸರು, ಪೀಸ್, ದರ ತುಂಬಿಟ್ಟು ಟೆಂಪ್ಲೇಟ್ ತಿದ್ದಿದರೆ, ತುಂಬಿದ್ದೆಲ್ಲ ಹಾಗೇ ಇರುತ್ತದೆ, ಕಾಲಂ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಸ್ಟೈಲ್ ತಿದ್ದಿದರೂ ಅಷ್ಟೇ. ಸ್ಕ್ರಿಪ್ಟ್ ಮುಟ್ಟಿದರೆ ಮಾತ್ರ ಆ ಕಾಂಪೊನೆಂಟ್ (ಪರದೆಯ ಆ ತುಂಡು) ಹೊಸದಾಗಿ ಹುಟ್ಟುತ್ತದೆ, ತುಂಬಿದ್ದು ಹೋಗುತ್ತದೆ. ಅದಕ್ಕೇ ಸ್ಕ್ರಿಪ್ಟ್ ಕೆಲಸ ಊಟದ ನಂತರ.

ಸ್ಕೋಪ್ಡ್ ಸ್ಟೈಲ್, ಅಂದರೆ ಒಂದು ಕಾಂಪೊನೆಂಟ್‌ನ ಸ್ಟೈಲ್ ಅದಕ್ಕಷ್ಟೇ ತಗುಲುವುದು, ಇದರ ಬಗ್ಗೆ ಎಲ್ಲರೂ ಹೇಳಿದ್ದಾರೆ. ಬಿಲ್‌ನ 'ಒಟ್ಟು', ಬಟವಾಡೆಯ 'ಒಟ್ಟು' ಎರಡಕ್ಕೂ ಒಂದೇ ಕ್ಲಾಸ್ ಹೆಸರು ಇಟ್ಟಿದ್ದೇನೆ, ಒಮ್ಮೆಯೂ ಹೊಡೆದಾಡಿಲ್ಲ.

ವ್ಯೂ 2ರ ಬೆಂಬಲ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಹೊಸ ಕೆಲಸ ವೀಟ್‌ನಲ್ಲಿ (ವೆಬ್‌ಪ್ಯಾಕ್ ಜಾಗಕ್ಕೆ ಬಂದ ಬಿಲ್ಡ್ ಸಾಧನ) ಮಾಡುತ್ತೇನೆ, ನೀವೂ ಅದನ್ನೇ ಹಿಡಿಯಿರಿ. ಹಳೆಯದನ್ನು ತಿರುಗಿ ಬರೆಯಲು ಯೂನಿಟ್‌ನವರು ದುಡ್ಡು ಕೊಡುವುದಿಲ್ಲ, ಹಾಗಾಗಿ ಅದರ ಬಿಲ್ಡ್ ನೋಡ್ 16ರ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಹಳೇ ಆವೃತ್ತಿ) ಮೇಲೇ ಓಡುತ್ತಿದೆ. ಹೊಸ ನೋಡ್ ಹಾಕಿದರೆ ವೆಬ್‌ಪ್ಯಾಕ್ 4 ಓಪನ್‌ಎಸ್‌ಎಸ್‌ಎಲ್ (ನೋಡ್ ಒಳಗಿನ ಗೂಢಲಿಪಿ ಲೈಬ್ರರಿ) ಎರರ್ ಎಂದು ಕಿರುಚುತ್ತದೆ. ಪುಣ್ಯಕ್ಕೆ ಅದಾದರೂ ಬಾಯಿ ಬಿಡುತ್ತದೆ.