360 ಕೇಳಿದೆ, 1.2 ಬಂತು: ಹಳೆಯ ಫ್ಲಾಪಿ ಕೊಳ್ಳುವವರೇ, ಎಚ್ಚರ

ಹತ್ತು ಫ್ಲಾಪಿಗೆ, ಅಂದರೆ ಹಳೆಯ ಕಂಪ್ಯೂಟರಿನ ಕಡತ ಇಡುವ ತೆಳು ಕಾಂತ ತಟ್ಟೆಗಳಿಗೆ, 1,800 ರೂಪಾಯಿ ಕೊಟ್ಟೆ. ಹೌದು, ಕೊಟ್ಟೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಇನ್ನೊಬ್ಬರು ಇದೇ ಗುಂಡಿಗೆ ಬೀಳಬಾರದು.

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಆಳುಗಳ ಹಾಜರಿಯಿಂದ ಮೆಣಸಿನ ಮೂಟೆಯವರೆಗೆ ಎಲ್ಲ ಲೆಕ್ಕವನ್ನೂ ಅಪ್ಪ ಒಂದು ಪಿಸಿ ಎಕ್ಸ್‌ಟಿಯಲ್ಲಿ (ಎಂಬತ್ತರ ದಶಕದ ಕಂಪ್ಯೂಟರ್) ಇಟ್ಟಿದ್ದರು. ಈ ಮಳೆಗಾಲದಲ್ಲಿ ಅದರ ಹಾರ್ಡ್ ಡಿಸ್ಕ್ ಕಿರುಗುಟ್ಟತೊಡಗಿತು. ಅದು ನಿಲ್ಲುವ ಮೊದಲು ಲೆಕ್ಕವನ್ನು ಫ್ಲಾಪಿಗೆ ಇಳಿಸಬೇಕಿತ್ತು. ಅಪ್ಪನ ಫ್ಲಾಪಿಗಳಿಗೆಲ್ಲ ಬೂಷ್ಟು. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಇಲ್ಲಿ ಚಪ್ಪಲಿಯೇ ಬೆಳ್ಳಗಾಗುತ್ತದೆ, ಫ್ಲಾಪಿ ಯಾವ ಲೆಕ್ಕ?

ಹೊರ ಊರಿನ ವ್ಯಾಪಾರಿಯೊಬ್ಬ ಸಿಕ್ಕಿದ. ‘5.25 ಇಂಚು, 360 ಕೆಬಿ, ಡಬಲ್ ಡೆನ್ಸಿಟಿಯೇ ಬೇಕು’ ಎಂದು ಒಂದಲ್ಲ, ಎರಡು ಸಲ ಬರೆದೆ. ನಮ್ಮ ಡ್ರೈವಿಗೆ ಒಗ್ಗುವುದು ಈ ಕಡಿಮೆ ಸಾಮರ್ಥ್ಯದ ಬಗೆಯೇ. ‘ಅದೇ ಇದೆ ಸರ್, ಸೀಲ್ ಒಡೆದಿಲ್ಲ’ ಎಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದ ಫೋಟೊ ಕಳಿಸಿದ. ಹಣ ಹಾಕಿದೆ.

ಪೆಟ್ಟಿಗೆ ಬಂತು. ಫಾರ್ಮ್ಯಾಟ್ ಕೊಟ್ಟರೆ (ಬರೆಯುವ ಮೊದಲು ಫ್ಲಾಪಿಯನ್ನು ಅಣಿಗೊಳಿಸುವ ಕೆಲಸ) ಡ್ರೈವ್ ಗರಗರ ಎಂದು ತಿರುಗಿ, ಮೊದಲ ಟ್ರ್ಯಾಕೇ ಕೆಟ್ಟಿದೆ, ಡಿಸ್ಕ್ ಉಪಯೋಗಕ್ಕೆ ಬಾರದು ಎಂದಿತು. ಎರಡನೆಯದೂ ಹಾಗೆಯೇ. ಮೂರನೆಯದು ಹೇಗೋ ಫಾರ್ಮ್ಯಾಟ್ ಆಯಿತು, ಕಡತವೂ ಹತ್ತಿತು. ಮನೆಯಲ್ಲಿ ಎಲ್ಲರೆದುರು ಬೀಗಿದೆ. ಮರುದಿನ ಬೆಳಿಗ್ಗೆ ಅದೇ ಕಡತ ತೆರೆಯಲಿಲ್ಲ.

ಆಗ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರ: ಎಚ್‌ಡಿ (ಹೈ ಡೆನ್ಸಿಟಿ), 96 ಟಿಪಿಐ (ಇಂಚಿಗೆ 96 ಟ್ರ್ಯಾಕ್). ಅಂದರೆ 1.2 ಎಂಬಿಯ ಫ್ಲಾಪಿ! ಅವನ ಫೋಟೊ ತೆಗೆದು ಹಿಗ್ಗಿಸಿ ನೋಡಿದೆ. ಸರಿಯಾಗಿ ಅದೇ ಮೂಲೆಯ ಮೇಲೆ ಅವನ ಹೆಬ್ಬೆರಳು. ಉಗುರಿನ ಕೊಳೆ ಕೂಡ ಕಾಣುತ್ತಿತ್ತು, ಆ ಎರಡು ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಹಣ ಹಾಕುವ ಮೊದಲು ನಾನೇಕೆ ನೋಡಲಿಲ್ಲ? ಏಕೆ ನೋಡಲಿಲ್ಲ?

ಕೇಳಿದರೆ, ‘ಅಳತೆ ಒಂದೇ ಅಲ್ಲವೇ ಸರ್, ಡ್ರೈವಿನೊಳಗೆ ಹೋಗುತ್ತದೆಯಲ್ಲ?’ ಹೋಗುತ್ತದೆ ಮಹರಾಯ, ಹೋದರೆ ಸಾಕೇ! 360ರ ಫ್ಲಾಪಿಯ ಲೇಪಕ್ಕೆ ಸುಮಾರು 300 ಓರ್ಸ್ಟೆಡ್ (ಕಾಂತಕ್ಷೇತ್ರದ ಅಳತೆ) ಕಾಂತಬಲ ಸಾಕು, 1.2 ಎಂಬಿಯದಕ್ಕೆ ಅದರ ಎರಡರಷ್ಟು ಬೇಕು. ಹಳೆಯ ಡ್ರೈವಿನಲ್ಲಿ ಓದಿ ಬರೆಯುವ ಹೆಡ್ಡಿಗೆ ಅಷ್ಟು ಕಸುವಿಲ್ಲ, ಬರೆದದ್ದು ನಿಲ್ಲುವುದಿಲ್ಲ. ಇದನ್ನೆಲ್ಲ ವಿವರಿಸಿ ಬರೆದೆ. ಉತ್ತರ: ‘ನಿಮ್ಮ ಹೆಡ್ ಕೊಳೆಯಾಗಿರಬೇಕು.’ ಒರೆಸಿದ್ದೇನೆ ಎಂದೆ. ‘ಹಾಗಾದರೆ ನಿಮ್ಮ ಕೊಡಗಿನ ತೇವ ಸರ್, ನಾವೇನು ಮಾಡುವುದು?’ ಅಂಚೆಯಲ್ಲಿ ಬಂದ ಸಂಜೆಯೇ ಒಡೆದ ಪೆಟ್ಟಿಗೆಗೆ ಕೊಡಗಿನ ತೇವವಂತೆ! ಹಣ ವಾಪಸ್ ಕೇಳಿದೆ. ಹೆಬ್ಬೆರಳು ಎತ್ತಿದ ಚಿತ್ರವೊಂದು ಬಂತು, ಆಮೇಲೆ ಮೌನ.

ಪೆಟ್ಟಿಗೆಯ ಆರೂ ಮುಖಗಳ ಫೋಟೊ ಕೇಳಿ. ಒಂದು ಫ್ಲಾಪಿಯನ್ನು ಹೊರಗೆ ತೆಗೆಸಿ ನೋಡಿ: 360ರದಕ್ಕೆ ಸಾಮಾನ್ಯವಾಗಿ ನಡುವಿನ ತೂತಿನ ಸುತ್ತ ಗಟ್ಟಿ ಬಳೆ ಇರುತ್ತದೆ, 1.2ರದಕ್ಕೆ ಹೆಚ್ಚಾಗಿ ಇರುವುದಿಲ್ಲ. 3.5 ಇಂಚಿನದಾದರೆ ಸುಲಭ. 720 ಕೆಬಿಯದಕ್ಕೆ ಮೂಲೆಯಲ್ಲಿ ಒಂದೇ ಕಿಂಡಿ, 1.44 ಎಂಬಿಯದಕ್ಕೆ ಎರಡು. ಎರಡನೆಯದಕ್ಕೆ ಟೇಪ್ ಅಂಟಿಸಿ ಮಾರುವವರೂ ಇದ್ದಾರೆ. ಸೀಲ್ ಒಡೆಯುವುದಿಲ್ಲ ಎನ್ನುವವನಿಗೆ ಹಣ ಹಾಕಲೇಬೇಡಿ.

ನಮ್ಮ ಹಾರ್ಡ್ ಡಿಸ್ಕ್ ಇನ್ನೂ ಕಿರುಗುಟ್ಟುತ್ತಲೇ ಇದೆ. ನಿಜವಾದ 360 ಕೆಬಿ ಪೆಟ್ಟಿಗೆ ಯಾರ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಫೋಟೊ ತೆಗೆಯುವಾಗ ಮಾತ್ರ ದಯವಿಟ್ಟು ಮೇಜಿನ ಮೇಲಿಟ್ಟು ತೆಗೆಯಿರಿ.